ಛೇದದಿಂದ ಹೊರಗುಳಿದವರು

2023ರ ಸೆಪ್ಟೆಂಬರ್ ತಿಂಗಳ ಕೊನೆಯ ಶುಕ್ರವಾರ, ಊರಿಗಾಂನಲ್ಲಿ ಚಿನ್ನದ ಗಣಿಯ ಕೂಲಿಗಳಿಗೆಂದು ಹಿಂದೆ ಕಟ್ಟಿದ ಲೈನ್‌ಮನೆಗಳ ಮುಂದಿನ ಬಯಲಿಗೆ ವಾರಕ್ಕೊಮ್ಮೆ ಬರುತ್ತಿದ್ದ ಎದೆರೋಗ ತಪಾಸಣೆಯ ವ್ಯಾನು ಕೊನೆಯ ಸಲ ಬಂದು ಹೋಯಿತು. ಮುಂದಿನ ವಾರದಿಂದ ಅದು ಬಂಗಾರಪೇಟೆ ಕಡೆಯ ಹಳ್ಳಿಗಳಿಗೆ ಹೋಗತೊಡಗಿತು. ವ್ಯಾನು ನಡೆಸುವ ಸೇವಾಸಂಸ್ಥೆ ಈ ಬದಲಾವಣೆಗೆ ಕೊಟ್ಟ ಕಾರಣ ಒಂದು ಸಮೀಕ್ಷೆ. ಆ ಸಮೀಕ್ಷೆ ಮಾಡಿದ್ದು ನಮ್ಮ ತರಗತಿ.

ಪತ್ರಿಕೆಯೊಂದರ ಜಿಲ್ಲಾ ಪುಟದ ಕೆಲಸ ಬಿಟ್ಟು ನಾನು ಸಮುದಾಯ ಆರೋಗ್ಯದ ಸ್ನಾತಕೋತ್ತರ ಪದವಿಗೆ ಸೇರಿ ಆಗ ಕೆಲವೇ ತಿಂಗಳಾಗಿತ್ತು. ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸಂಜೆ ಮರಳುತ್ತಿದ್ದೆ. ಉಳಿದ ವಿಷಯಗಳು ಓದಿದರೆ ತಲೆಗೆ ಹತ್ತುತ್ತಿದ್ದವು. ಅನ್ವಯಿಕ ಸಂಖ್ಯಾಶಾಸ್ತ್ರ ಹತ್ತುತ್ತಿರಲಿಲ್ಲ. ಪಾಠ ಮಾಡುತ್ತಿದ್ದ ಮೇಡಂ ನನ್ನ ಹಳೆಯ ಕೆಲಸ ಯಾವುದೆಂದು ಕೇಳಿ ತಿಳಿದುಕೊಂಡು, ನಾನು ಬರೆದ ಯಾವುದಾದರೂ ಆರೋಗ್ಯ ಸುದ್ದಿಯ ತಲೆಬರಹ ಹೇಳಿ ಎಂದರು. ಒಂದು ತಾಲ್ಲೂಕಿನಲ್ಲಿ ಜ್ವರದ ರೋಗಿಗಳು ಹೆಚ್ಚಾಗಿದ್ದಾರೆ ಎಂಬ ಸುದ್ದಿ ನೆನಪಿಗೆ ಬಂತು. ಅವರು ಅದನ್ನು ಬೋರ್ಡಿನ ಮೇಲೆ ಬರೆದು ಕೆಳಗೊಂದು ಅಡ್ಡಗೆರೆ ಎಳೆದರು.

“ಮೇಲಿರೋದು ಅಂಶ. ಗೆರೆ ಕೆಳಗೇನಿದೆ? ಎಷ್ಟು ಜನರಲ್ಲಿ ಇಷ್ಟು ಜನಕ್ಕೆ ಜ್ವರ? ನಿಮ್ಮ ಛೇದ ಎಲ್ಲಿ?”

ನಾವು ಸುದ್ದಿಮನೆಯಲ್ಲಿ ಕೇಳಿಕೊಳ್ಳುತ್ತಿದ್ದುದು ಬೇರೆ ಪ್ರಶ್ನೆಗಳು. ಯಾರು ಹೇಳಿದರು, ಇನ್ನೊಬ್ಬರು ದೃಢಪಡಿಸಿದರೇ, ಹೆಸರಿನ ಕಾಗುಣಿತ ಸರಿಯಿದೆಯೇ. ಗೆರೆಯ ಕೆಳಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಕೇಳಿಕೊಂಡ ನೆನಪಿಲ್ಲ.

ತರಗತಿಯಲ್ಲಿ ನನಗೆ ಜೊತೆಯಾದವಳು ಕೋಲಾರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ನನಗಿಂತ ಚಿಕ್ಕವಳು, ಲೆಕ್ಕದಲ್ಲಿ ಚುರುಕು. ರೈಲಿನಲ್ಲಿ ಒಂದೇ ಸೀಟಿನಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೆವು. ಸರಾಸರಿ ಸುಲಭವಾಗಿ ತಿಳಿಯಿತು. ಸರಾಸರಿಯ ಸುತ್ತ ಸಂಖ್ಯೆಗಳು ಎಷ್ಟು ಚದುರಿವೆ ಎಂಬುದನ್ನು ಅಳೆಯುವುದು ತಡವಾಗಿ ತಿಳಿಯಿತು. ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದು ಮೊದಲು ಇಟ್ಟುಕೊಂಡು, ಹಾಗಿದ್ದೂ ಇಷ್ಟು ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣಿಸುವ ಸಂಭವ ಎಷ್ಟು ಎಂದು ಕೇಳುವ ಕ್ರಮ ಇದೆಯಲ್ಲ, ಅದು ನನಗೆ ಬಹಳ ದಿನ ಎಡವಟ್ಟಾಗಿಯೇ ಕಂಡಿತು. ಬೇಕಾದ್ದನ್ನು ನೇರವಾಗಿ ಕೇಳಬಾರದೇಕೆ ಎಂದು ಗೊಣಗುತ್ತಿದ್ದೆ.

“ಅಕ್ಕಾ, ನೀನು ಎಲ್ಲಾರ್ನೂ ಸಾಕ್ಷಿ ಅಂದ್ಕೊತೀಯ. ಸಂಖ್ಯೆ ಸಾಕ್ಷಿ ಹೇಳಲ್ಲ, ಅದನ್ನ ಪಾಟಿ ಸವಾಲಿಗೆ ನಿಲ್ಲಿಸಬೇಕು,” ಎಂದು ಅವಳು ನಗುತ್ತಿದ್ದಳು.

ಜೂನ್‌ನಲ್ಲಿ ಕ್ಷೇತ್ರಕಾರ್ಯ ಬಂತು. ಸೇವಾಸಂಸ್ಥೆಯ ಬಳಿ ಇದ್ದದ್ದು ಒಂದೇ ವ್ಯಾನು. ಊರಿಗಾಂನಲ್ಲಿ ಹಳೆಯ ಗಣಿಮಣ್ಣಿನ ದಿಬ್ಬದ ಕಡೆಗಿರುವ ಲೈನ್‌ಗಳಿಗೆ ಅದು ಕೆಲವು ವರ್ಷಗಳಿಂದ ಬರುತ್ತಿತ್ತು. ಬಂಗಾರಪೇಟೆ ಕಡೆಯ ಹಳ್ಳಿಗಳವರು ನಮಗೂ ಬೇಕು ಎಂದು ಕೇಳಿದ್ದರು. ಎರಡು ಕಡೆ ಉಸಿರಾಟದ ತೊಂದರೆ ಎಲ್ಲಿ ಹೆಚ್ಚು ಎಂದು ಅಳೆದುಕೊಡಿ, ಹೆಚ್ಚಿರುವ ಕಡೆ ವ್ಯಾನು ಹೋಗಲಿ ಎಂದು ಸಂಸ್ಥೆಯ ಸಂಯೋಜಕರು ನಮ್ಮ ವಿಭಾಗವನ್ನು ಕೇಳಿಕೊಂಡರು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದಿಲ್ಲ ಎಂದು ಮೇಡಂ ಒಪ್ಪಿದರು.

ನಿಯಮಗಳನ್ನು ಮನೆಗಳಿಗೆ ಹೋಗುವ ಮೊದಲೇ ಬರೆದಿಟ್ಟೆವು. ಮನೆಗಳನ್ನು ಸಮಾನ ಅಂತರ ಬಿಟ್ಟು ಆರಿಸುವುದು. ದೊಡ್ಡವರಿಗೆ ಮಾತ್ರ ಪ್ರಶ್ನೆ. ಬಹುದಿನದ ಕೆಮ್ಮು, ಏರು ಹತ್ತುವಾಗ ಏದುಸಿರು, ಈ ಎರಡೂ ಇದ್ದರೆ ಮಾತ್ರ ರೋಗಿ ಎಂದು ಎಣಿಸುವುದು. ಹದಿನೈದು ದಿನಕ್ಕಿಂತ ಹೆಚ್ಚು ಕಾಲ ಮನೆಯಲ್ಲಿ ಇರುವವರು ಆ ಮನೆಯವರು. ಹದಿನೈದು ದಿನಕ್ಕಿಂತ ಹೆಚ್ಚು ಹೊರಗಿರುವವರು ಆ ಮನೆಯವರಲ್ಲ. ಈ ಕೊನೆಯ ನಿಯಮದ ಬಗ್ಗೆ ತರಗತಿಯಲ್ಲಿ ಚರ್ಚೆಯಾಯಿತು. ಸಮೀಕ್ಷೆ ಆಷಾಢದಲ್ಲಿ ಬರುತ್ತಿತ್ತು. ಹೊಸ ಸೊಸೆಯಂದಿರು ತವರಿಗೆ ಹೋಗಿರುತ್ತಾರೆ, ಅವರು ಲೆಕ್ಕದಿಂದ ಬಿದ್ದುಹೋಗುತ್ತಾರಲ್ಲ ಎಂದು ನಾನೇ ಕೇಳಿದೆ. ಇಪ್ಪತ್ತು ದಾಟಿದ ಹುಡುಗಿಯರಲ್ಲಿ ಈ ರೋಗ ಅಪರೂಪ, ಬಿದ್ದರೂ ಫಲಿತಾಂಶ ಬದಲಾಗದು ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ಆಷಾಢ ಎಂದರೆ ತವರಿಗೆ ಹೋದ ಸೊಸೆಯರು ಎಂದೇ ನಮ್ಮೆಲ್ಲರ ತಲೆಯಲ್ಲಿ ಕೂತಿತ್ತು. ಅದಕ್ಕಿಂತ ಮುಂದೆ ಯಾರೂ ಯೋಚಿಸಲಿಲ್ಲ.

ನನಗೆ ಲೈನ್‌ಮನೆಗಳು ಬಂದವು, ನರ್ಸ್ ಗೆಳತಿಗೆ ಬಂಗಾರಪೇಟೆ ಕಡೆಯ ಹಳ್ಳಿಗಳು. ಗಾಳಿ ಜೋರಾಗಿತ್ತು. ದಿಬ್ಬದ ಕಡೆಯಿಂದ ಬೂದುಬಣ್ಣದ ಪುಡಿ ಎದ್ದು ಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಬಾಗಿಲು ತಟ್ಟಿದರೆ ಅರ್ಧ ತೆರೆದು, ನನ್ನನ್ನು ಒಳಗೆ ಎಳೆದುಕೊಂಡು, ಮತ್ತೆ ಮುಚ್ಚುತ್ತಿದ್ದರು. ಮಾತು ಒಂದು ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು ಬೆರೆತ ಕನ್ನಡ. ಸಾಲಿನ ಕೊನೆಯಲ್ಲಿ ಐವತ್ತರ ಆಸುಪಾಸಿನ ಒಬ್ಬಾಕೆ ನೀರು ಕೊಟ್ಟು ಕೂರಿಸಿದರು. ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಮದುವೆಯಾಗಿ ಬಂದವರು, ಮೂರು ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ತಾನು ಮತ್ತು ಮಗ ಇದ್ದೇವೆ, ಕೆಮ್ಮು ಯಾರಿಗೂ ಇಲ್ಲ ಎಂದರು. ನಾನು ಗುರುತು ಹಾಕಿಕೊಂಡೆ. ಹೊರಡುವಾಗ ವ್ಯಾನು ಬರೋದು ನಿಲ್ಲಿಸುತ್ತಾರಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಆಗಸ್ಟ್‌ನಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಿ ಕೋಷ್ಟಕ ಮಾಡಿದೆವು. ಅಡ್ಡಸಾಲಿನಲ್ಲಿ ಲೈನ್ ಮತ್ತು ಹಳ್ಳಿ, ಕಂಬಸಾಲಿನಲ್ಲಿ ರೋಗ ಇರುವವರು ಮತ್ತು ಇಲ್ಲದವರು. ನಾಲ್ಕು ಚೌಕ. ನಾವು ನಿರೀಕ್ಷಿಸಿದ್ದಕ್ಕೆ ಪೂರ್ತಿ ವಿರುದ್ಧವಾಗಿ ಬಂತು ಉತ್ತರ. ದಿಬ್ಬದ ಕಡೆಯ ಲೈನ್‌ಗಳಲ್ಲಿ ರೋಗಿಗಳು ಕಡಿಮೆ, ದೂರದ ಹಳ್ಳಿಗಳಲ್ಲಿ ಹೆಚ್ಚು. ವ್ಯತ್ಯಾಸ ಆಕಸ್ಮಿಕವೇ ಎಂದು ತೂಗಿ ನೋಡುವ ಕೈ-ಸ್ಕ್ವೇರ್ ಪರೀಕ್ಷೆ ಮಾಡಿದೆವು. ಆಕಸ್ಮಿಕ ಎಂದು ತಳ್ಳಿಹಾಕುವಷ್ಟು ಚಿಕ್ಕ ವ್ಯತ್ಯಾಸ ಅದಾಗಿರಲಿಲ್ಲ. ಲೆಕ್ಕ ಮತ್ತೆ ಮಾಡಿದೆವು, ಅದೇ ಬಂತು. ಮೇಡಂ ಕಾರಣ ಹುಡುಕಿ ಎಂದರು. ಹಳ್ಳಿಗಳಲ್ಲಿ ಸೌದೆ ಒಲೆ ಹೆಚ್ಚು, ಲೈನ್‌ಗಳಲ್ಲಿ ಗ್ಯಾಸ್ ಹೆಚ್ಚು ಎಂಬುದು ಒಬ್ಬರಿಗೆ ಹೊಳೆಯಿತು. ಒಪ್ಪುವಂಥ ಕಾರಣ. ಅದನ್ನು ಬರೆದೆವು. ಸಂಯೋಜಕರ ಮುಂದೆ ನಾನೇ ಮಂಡಿಸಿದೆ. ಅವರು ಎದ್ದು ನಿಂತು ಕೈಕುಲುಕಿದರು. ಇಂಥ ಸ್ಪಷ್ಟ ಉತ್ತರ ಸಿಗುವುದೇ ಕಷ್ಟ ಎಂದರು.

ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಂಗಳೂರು ರೈಲಿಗೆ ಕಾಯುತ್ತಿದ್ದೆ. ಮಾರಿಕುಪ್ಪಂ ಕಡೆಯಿಂದ ಊರಿಗಾಂ ಹಾದು ಬಂದ ಗಾಡಿಯಿಂದ, ಸಾಲಿನ ಕೊನೆಯ ಮನೆಯಲ್ಲಿ ನನಗೆ ನೀರು ಕೊಟ್ಟಿದ್ದ ಆಕೆ ಇಳಿದರು, ಕೈಯಲ್ಲಿ ಊಟದ ಕ್ಯಾರಿಯರ್. ಮೊದಲು ಗುರುತು ಹಿಡಿದವರು ಅವರೇ.

“ಲೆಕ್ಕ ಬರ್ಕೊಳಕ್ಕೆ ಬಂದಿದ್ದ ಅಮ್ಮ ಅಲ್ವಾ ನೀವು?”

ಎಲ್ಲಿಗೆ ಎಂದು ಕೇಳಿದೆ.

“ನಮ್ಮೆಜಮಾನ್ರಿಗೆ ಊಟ ತಕ್ಕೊಂಡು ಓಗ್ತಿದೀನಿ. ನಾದಿನಿ ಮನ್ಯಾಗವ್ರೆ. ಅವ್ರಿಗೆ ತಂಗಿ ಮಾಡೋ ಸಾರು ಇಡ್ಸಲ್ಲ, ನಾನು ದಿನ ಬಿಟ್ಟು ದಿನ ಓಗ್ಬೇಕು.”

ಅಲ್ಲೇಕೆ ಇದ್ದಾರೆ ಎಂದೆ.

“ಉಸ್ರು ಕಟ್ತೈತಲ್ಲಮ್ಮ. ಆಷಾಡದಾಗೆ ಗಾಳಿ ಎದ್ರೆ ನಮ್ ಕಡೆ ಯಾರೂ ಇಂಥೋರ್ನ ಮನ್ಯಾಗಿಟ್ಕಳಲ್ಲ. ನೆಂಟ್ರ ಮನೆಗೆ ಕಳಿಸ್ಬಿಡ್ತೀವಿ. ಗಾಳಿ ಇಳಿದ್ಮೇಲೆ ಕರ್ಕೊಂಡ್ ಬತ್ತೀವಿ.”

ನನ್ನ ರೈಲು ಬಂತು. ಹತ್ತಲಿಲ್ಲ. ಆಕೆಯ ಜೊತೆ ಶೇರ್ ಆಟೊದಲ್ಲಿ ನಾದಿನಿಯ ಊರಿಗೆ ಹೋದೆ.

ಆ ಮನೆಯ ಬಾಗಿಲ ಮೇಲೆ, ಸಮೀಕ್ಷೆ ಮುಗಿದ ಮನೆಗಳಿಗೆ ನಮ್ಮ ತರಗತಿ ಹಾಕುತ್ತಿದ್ದ ಸೀಮೆಸುಣ್ಣದ ಗುರುತು ಅರ್ಧ ಅಳಿಸಿಹೋಗಿತ್ತು. ಆಕೆಯ ಗಂಡ ಜಗಲಿಯ ಮೇಲೆ ಮೊಣಕೈಗಳನ್ನು ತೊಡೆಗೂರಿ ಮುಂದಕ್ಕೆ ಬಾಗಿ ಕೂತಿದ್ದರು. ಗಣಿ ಮುಚ್ಚುವ ತನಕ ಅಲ್ಲಿ ಕೂಲಿ, ಆಮೇಲೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕಾವಲುಗಾರನ ಕೆಲಸ. ಈಗ ಎರಡು ವರ್ಷದಿಂದ ಯಾವುದೂ ಇಲ್ಲ. ನರ್ಸ್ ಗೆಳತಿ ಜುಲೈನಲ್ಲಿ ಬಂದು ತನ್ನನ್ನು ಮಾತಾಡಿಸಿದ್ದು, ಎದೆ ಮುಟ್ಟಿ ನೋಡಿದ್ದು ಅವರಿಗೆ ನೆನಪಿತ್ತು. ಹದಿನೈದು ದಿನದ ನಿಯಮದ ಪ್ರಕಾರ ಅವರನ್ನು ಆ ಮನೆಯವರೆಂದೇ ಅವಳು ಎಣಿಸಿದ್ದಳು. ಅದೇ ನಿಯಮದ ಪ್ರಕಾರ ನಾನು ಅವರನ್ನು ಊರಿಗಾಂನ ಮನೆಯಿಂದ ಬಿಟ್ಟಿದ್ದೆ. ಇಬ್ಬರೂ ಸರಿಯಾಗಿಯೇ ಮಾಡಿದ್ದೆವು. ಒಬ್ಬ ಮನುಷ್ಯನ ಕೆಮ್ಮು ಒಂದು ಚೌಕದಿಂದ ಎದ್ದು ಇನ್ನೊಂದು ಚೌಕದಲ್ಲಿ ಕೂತಿತ್ತು.

ಇದನ್ನು ಅವರಿಗೆ ವಿವರಿಸಿದೆ. ನಿಧಾನವಾಗಿ, ನಡುವೆ ಉಸಿರೆಳೆದುಕೊಳ್ಳುತ್ತ ಹೇಳಿದರು:

“ಅಂಗಾರೆ ನಾನೀಗ ನನ್ ತಂಗಿ ಊರೋನು ಅನ್ನಿ. ಓಟು ಮಾತ್ರ ಊರಿಗಾಂನಾಗೇ ಐತೆ.”

ಒಳಗಿನಿಂದ ನಾದಿನಿ, “ಇಲ್ಲೇ ಆಕ್ಸ್ಕೊಳಣ್ಣ, ಪಂಚಾಯ್ತಿಗೆ ನಿಲ್ಲುವಂತೆ,” ಎಂದರು. ಎಲ್ಲರೂ ನಕ್ಕರು. ನಗು ಅವರಿಗೆ ಕೆಮ್ಮಾಗಿ ತಿರುಗಿತು. ಅದು ನಿಲ್ಲುವವರೆಗೆ ಹೆಂಡತಿ ಬೆನ್ನು ನೀವುತ್ತ ನಿಂತಿದ್ದರು.

ಒಂದು ಮನೆಯಿಂದ ಏನೂ ಸಾಬೀತಾಗುವುದಿಲ್ಲ. ಮರುದಿನ ಊರಿಗಾಂಗೆ ಹೋಗಿ, ಹಿಂದೆ ಹೋಗಿದ್ದ ಮನೆಗಳಲ್ಲೇ ಒಂದು ಪ್ರಶ್ನೆ ಮಾತ್ರ ಕೇಳಿದೆ: ಗಾಳಿಗೆ ಮುಂಚೆ ಇಲ್ಲಿದ್ದು ಈಗ ಇಲ್ಲದವರು ಯಾರು. ಒಂದು ಮನೆಯ ಅಜ್ಜಿ ಮುಳಬಾಗಿಲಿನ ಮಗಳ ಮನೆಯಲ್ಲಿ, ಇನ್ನೊಂದು ಮನೆಯ ಯಜಮಾನ ಬಂಗಾರಪೇಟೆಯ ಭಾವಮೈದುನನ ಮನೆಯಲ್ಲಿ. ಎಲ್ಲ ಮನೆಗಳಲ್ಲಿ ಅಲ್ಲ, ಸಾಕಷ್ಟು ಮನೆಗಳಲ್ಲಿ. ಯಾರೂ ಮುಚ್ಚಿಟ್ಟಿರಲಿಲ್ಲ. ನಾವು ಕೇಳಿರಲಿಲ್ಲ.

ಮೇಡಂ ಕೇಳಿಸಿಕೊಂಡು ನಮ್ಮ ಕೋಷ್ಟಕವನ್ನು ಮತ್ತೆ ತೆರೆದು ನೋಡಿದರು. ಆಮೇಲೆ, ನಿಮ್ಮ ಅನುಮಾನ ಸರಿ ಇರಬಹುದು, ಆದರೆ ಅನುಮಾನದಿಂದ ಹಳೆಯ ಉತ್ತರ ತೆಗೆಯಬಹುದೇ ಹೊರತು ಹೊಸ ಉತ್ತರ ಇಡುವುದಕ್ಕಾಗುವುದಿಲ್ಲ ಎಂದರು. ಇಬ್ಬರೂ ಸೇರಿ ಸಂಯೋಜಕರಿಗೆ ಫೋನ್ ಮಾಡಿದೆವು. ಫಲಿತಾಂಶ ಹಿಂತೆಗೆದುಕೊಳ್ಳುತ್ತಿದ್ದೇವೆ, ವ್ಯಾನು ಬದಲಿಸಬೇಡಿ ಎಂದು ಕೇಳಿದೆವು. ಅವರು, ಮೇಲಿನವರ ಒಪ್ಪಿಗೆ ಸಿಕ್ಕಾಗಿದೆ, ಹಳ್ಳಿಯವರಿಗೂ ಮಾತು ಕೊಟ್ಟಾಗಿದೆ, ಹೊಸ ಅಂಕಿ ತನ್ನಿ, ಲೈನ್‌ನಲ್ಲಿ ಹೆಚ್ಚು ಎಂದು ಬಂದರೆ ವಾಪಸ್ ಕಳಿಸುತ್ತೇನೆ ಎಂದರು. ಆ ತಿಂಗಳ ಕೊನೆಗೆ ವ್ಯಾನು ಹೋಯಿತು.

ಎರಡನೇ ಸಮೀಕ್ಷೆ ದೀಪಾವಳಿ ಕಳೆದ ಮೇಲೆ. ಈ ಸಲ ಪ್ರತಿ ಮನೆಯಲ್ಲಿ, ಗಾಳಿಗೆ ಮುಂಚಿನ ಯುಗಾದಿ ಹಬ್ಬದ ದಿನ ಇಲ್ಲಿ ಊಟ ಮಾಡಿದವರು ಯಾರು ಎಂದು ಕೇಳಿದೆವು. ಅವರು ಎಲ್ಲೇ ಇರಲಿ, ಆ ಮನೆಗೇ ಸೇರಿಸಿದೆವು. ರೋಗದ ವ್ಯಾಖ್ಯೆ ಬದಲಿಸಲಿಲ್ಲ. ತರಗತಿಯ ಹೆಚ್ಚಿನವರಿಗೆ ಪರೀಕ್ಷೆ ಹತ್ತಿರವಾಗಿತ್ತು, ಬಂದವರು ಕೆಲವರೇ. ನರ್ಸ್ ಗೆಳತಿ ರಜೆ ಹಾಕಿ ಬಂದಳು.

ಅಷ್ಟರಲ್ಲಿ, ಊಟದ ಕ್ಯಾರಿಯರ್ ಒಯ್ಯುತ್ತಿದ್ದ ಆಕೆಯ ಗಂಡ ಊರಿಗಾಂಗೆ ಮರಳಿದ್ದರು. ಗಾಳಿ ಇಳಿದಿತ್ತು, ನಾದಿನಿಯ ಮಗಳು ಬಾಣಂತನಕ್ಕೆ ಬಂದಿದ್ದರಿಂದ ಅಲ್ಲಿ ಜಾಗವೂ ಇರಲಿಲ್ಲ. ವ್ಯಾನಿನವರು ಮೊದಲು ಪ್ರತಿವಾರ ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಿದ್ದರು, ಉಸಿರಲ್ಲಿ ಎಳೆದುಕೊಳ್ಳುವ ಔಷಧ ಕೊಡುತ್ತಿದ್ದರು. ಈಗ ಆಸ್ಪತ್ರೆಗೆ ಆಟೊ ಮಾಡಿ ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು. ಆಕೆ ಕೆಲಸಕ್ಕೆ ರಜೆ ಹಾಕಿದ ದಿನ ಮಾತ್ರ ಅದು ಸಾಧ್ಯ. ಅವರು ಹಾಸಿಗೆಯಲ್ಲಿ ಮಲಗುವುದನ್ನು ಬಿಟ್ಟು ಗೋಡೆಗೆ ದಿಂಬು ಆನಿಸಿ ಕೂತೇ ನಿದ್ದೆ ಮಾಡುತ್ತಿದ್ದರು. ನಾನು ಹೊರಟಾಗ ಆಕೆ ಹೊಸಿಲ ತನಕ ಬಂದು ಕೈ ಹಿಡಿದುಕೊಂಡರು.

“ಸರ್ಯಾಗಿ ಬರಿಯಮ್ಮ. ನೀನು ಬರದ್ರೆ ಬತ್ತೈತೆ ವ್ಯಾನು.”

ಡಿಸೆಂಬರ್‌ನಲ್ಲಿ ಲೆಕ್ಕ ಮುಗಿಯಿತು. ಹಳ್ಳಿಗಳಲ್ಲಿ ಹೆಚ್ಚು ಎಂಬ ಹಳೆಯ ಉತ್ತರ ಹೋಯಿತು. ಈಗ ಲೈನ್‌ಗಳಲ್ಲೇ ಹೆಚ್ಚು ಎಂದು ಅಂಕಿ ವಾಲುತ್ತಿತ್ತು. ಆದರೆ ವಾಲುವುದು ಸಾಲದು. ಅಂದಾಜಿಗೆ ಎರಡು ತುದಿ ಇರುತ್ತವೆ. ನಿಜ ಆ ಎರಡರ ನಡುವೆ ಎಲ್ಲೋ ಇದ್ದೀತು ಎಂಬುದಷ್ಟೇ ನಾವು ಹೇಳಬಹುದು. ನಮ್ಮ ಮೇಲುತುದಿ ಲೈನ್‌ಗಳಲ್ಲಿ ಬಹಳ ಹೆಚ್ಚು ಎನ್ನುತ್ತಿತ್ತು, ಕೆಳತುದಿ ಎರಡು ಕಡೆ ಸಮ ಎನ್ನುವುದನ್ನೂ ದಾಟಿ ಕೆಳಗಿತ್ತು, ಅಂದರೆ ಹಳ್ಳಿಗಳಲ್ಲೇ ತುಸು ಹೆಚ್ಚಿರಲೂಬಹುದಿತ್ತು. ಲೈನ್‌ಗಳಲ್ಲಿ ಬೀಗ ಹಾಕಿದ ಮನೆಗಳು ಅಷ್ಟಿದ್ದವು. ಗಾಳಿಗೆ ಹೋದವರಲ್ಲಿ ಕೆಲವರು ಅಲ್ಲೇ ತೀರಿಕೊಂಡಿದ್ದರು, ಕೆಲವು ಮನೆಯವರು ಪೂರ್ತಿಯಾಗಿ ಊರು ಬಿಟ್ಟಿದ್ದರು. ಕೇಳುವುದಕ್ಕೆ ಬಾಗಿಲಲ್ಲಿ ಯಾರೂ ಇರಲಿಲ್ಲ. ವ್ಯತ್ಯಾಸ ಇದೆ ಎಂದು ಹೇಳಲು ನಮ್ಮ ಬಳಿ ಇದ್ದ ಪುರಾವೆ ಸಾಲುತ್ತಿರಲಿಲ್ಲ.

ನರ್ಸ್ ಗೆಳತಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಕೆಮ್ಮು, ಏದುಸಿರು ಎರಡೂ ಬೇಕು ಎಂಬುದರ ಬದಲು, ಎರಡರಲ್ಲಿ ಒಂದಿದ್ದರೂ ರೋಗಿ ಎಂದು ಅವಳು ಲೆಕ್ಕ ಮಾಡಿದ್ದಳು. ಕೆಳತುದಿ ಮೇಲೆ ಬಂದಿತ್ತು. ಲೈನ್‌ಗಳಲ್ಲಿ ರೋಗ ಹೆಚ್ಚು ಎಂದು ಧೈರ್ಯವಾಗಿ ಬರೆಯಬಹುದಿತ್ತು.

“ಆಸ್ಪತ್ರೆಯಲ್ಲಿ ಒಂದಿದ್ರೂ ನಾವು ರೋಗಿ ಅಂತಾನೇ ನೋಡ್ತೀವಿ ಅಕ್ಕಾ. ಇದು ಸುಳ್ಳಲ್ಲ.”

ಸುಳ್ಳಲ್ಲ ಎಂದು ಒಪ್ಪಿದೆ. ಆದರೆ ಉತ್ತರ ನೋಡಿದ ಮೇಲೆ ವ್ಯಾಖ್ಯೆ ಆರಿಸುತ್ತಿದ್ದೇವೆ. ಇನ್ನೂ ನಾಲ್ಕು ರೀತಿಯಲ್ಲಿ ಎಣಿಸಿದರೆ ನಾಲ್ಕು ಉತ್ತರ ಬರುತ್ತವೆ, ಬೇಕಾದ್ದನ್ನು ಹಿಡಿಯಬಹುದು ಎಂದೆ.

“ವ್ಯಾನು ವಾಪಸ್ ಬಂದ್ರೆ ಯಾರಿಗೆ ನಷ್ಟ ಹೇಳು.”

ಆ ಹಳ್ಳಿಗಳಲ್ಲೂ ಉಸಿರಿಗೆ ಕಷ್ಟಪಡುವವರು ಇದ್ದರು, ಅವರನ್ನು ಮಾತಾಡಿಸಿ ಬಂದವಳು ಅವಳೇ. ನಾನದನ್ನು ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಮೇಡಂರನ್ನು ಕೇಳಿದೆವು. ಎರಡನ್ನೂ ಬರೆಯಬಹುದು, ಎರಡನೆಯದು ಅಂಕಿ ನೋಡಿದ ಮೇಲೆ ಮಾಡಿದ್ದು ಎಂದು ತಿಳಿಸಬೇಕು, ಯಾವುದು ಮೊದಲ ಪುಟಕ್ಕೆ ಎಂಬುದು ಬರೆಯುವವರ ಜವಾಬ್ದಾರಿ ಎಂದರು. ಬರೆಯುವವಳು ನಾನು. ಮೊದಲ ಪುಟ ಓದಿ ಉಳಿದದ್ದು ಬಿಡುವ ಓದುಗರಿಗಾಗಿ ಅಷ್ಟು ವರ್ಷ ಬರೆದಿದ್ದೆ. ಮೊದಲ ಪುಟದಲ್ಲಿ ಏನು ಹಾಕಿದರೆ ಏನಾಗುತ್ತದೆ ಎಂಬುದು ನನಗೆ ತಿಳಿದಿತ್ತು. ಎರಡು ದಿನ ಕಳೆದು, ಮೊದಲೇ ಬರೆದಿಟ್ಟ ವ್ಯಾಖ್ಯೆಯ ಫಲಿತಾಂಶವನ್ನು ಮೊದಲ ಪುಟದಲ್ಲಿ ಹಾಕಿದೆ. ಹಳೆಯ ಫಲಿತಾಂಶ ತಪ್ಪು. ಎರಡು ಕಡೆಗಳ ನಡುವೆ ವ್ಯತ್ಯಾಸ ಇದೆ ಎಂದಾಗಲಿ ಇಲ್ಲ ಎಂದಾಗಲಿ ಈ ಅಂಕಿಗಳಿಂದ ಹೇಳಲಾಗದು. ಊರಿಗಾಂನ ರೋಗಿಗಳು ಮನೆಗೆ ಮರಳಿದ್ದಾರೆ, ಅವರಿಗೆ ಈಗ ತಪಾಸಣೆ ಇಲ್ಲ. ಸಾಧ್ಯವಾದರೆ ವ್ಯಾನು ಎರಡೂ ಕಡೆ ಹೋಗಲಿ. ಗೆಳತಿಯ ಲೆಕ್ಕವನ್ನು ಅನುಬಂಧದಲ್ಲಿ ಇಟ್ಟೆ. ವರದಿಯ ಮೇಲೆ ತನ್ನ ಹೆಸರು ಬೇಡ ಎಂದಳು. ರೈಲಿನಲ್ಲಿ ಅವಳು ಮಹಿಳೆಯರ ಬೋಗಿಗೆ ಹತ್ತತೊಡಗಿದಳು. ಬಾ ಎಂದು ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಸಂಯೋಜಕರು ಜನವರಿಯಲ್ಲಿ ಫೋನ್ ಮಾಡಿದರು. ವ್ಯತ್ಯಾಸ ಇಲ್ಲ ಎಂದು ಬಂದಿದೆಯಲ್ಲ, ಹಾಗಿದ್ದಲ್ಲಿ ಬದಲಾಯಿಸುವುದಕ್ಕೆ ಕಾರಣವಿಲ್ಲ ಎಂದರು. ಇಲ್ಲ ಎಂದು ಬಂದಿಲ್ಲ, ಹೇಳಲಾಗದು ಎಂದು ಬಂದಿದೆ ಎಂದೆ. ಎರಡಕ್ಕೂ ಏನು ಫರಕು ಎಂದು ಕೇಳಿದರು. ವಿವರಿಸಿದೆ. ತಾಳ್ಮೆಯಿಂದ ಕೇಳಿದರು. ಅನುಬಂಧವನ್ನೂ ಓದಿ ಎಂದು ಹೇಳಿದೆ, ಓದುತ್ತೇನೆ ಎಂದರು. ಎರಡು ಕಡೆ ಓಡಿಸುವುದಕ್ಕೆ ಡ್ರೈವರೂ ಡಾಕ್ಟರೂ ಸಿಗುವುದಿಲ್ಲ ಎಂದೂ ಹೇಳಿದರು. ಅದೂ ನಿಜವೇ ಇರಬೇಕು.

ಈ ಸುದ್ದಿ ಹೇಳಲು ಊರಿಗಾಂಗೆ ಹೋದೆ. ಆಕೆ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹೇಳಿದ್ದನ್ನು ಕೇಳಿಕೊಂಡು, ಕೈ ಒರೆಸಿಕೊಂಡು, “ನೀನು ಇದ್ದಿದ್ದು ಇದ್ದಂಗೆ ಬರ್ದ್ಯಾ?” ಎಂದು ಕೇಳಿದರು. ಹೌದು ಎಂದೆ. “ಸರಿ ಬುಡು,” ಎಂದು ಕಾಫಿಗೆ ನೀರಿಟ್ಟರು. ಒಳಗೆ ಗಂಡ ಗೋಡೆಗೆ ಒರಗಿ ಕೂತಿದ್ದರು. ಮಾತಾಡುವಷ್ಟು ಉಸಿರಿರಲಿಲ್ಲ. ನನ್ನನ್ನು ನೋಡಿ ಕೈ ಎತ್ತಿದರು.

ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲಿ ಎಂದು ಮಗ ತಿಳಿಸಿದ. ವ್ಯಾನು ಬರುತ್ತಿದ್ದರೆ ಅವರು ಉಳಿಯುತ್ತಿದ್ದರೇ ಎಂಬುದಕ್ಕೆ ನನ್ನಲ್ಲಿ ಪುರಾವೆಯಿಲ್ಲ. ಗಣಿಯ ಕೂಲಿ, ದಿಬ್ಬದ ಪುಡಿ, ಬೀಡಿ, ಇವುಗಳಲ್ಲಿ ಯಾವುದು ಅವರ ಎದೆಯನ್ನು ಎಷ್ಟು ಕೆಡಿಸಿತು ಎಂದು ಬಿಡಿಸಿ ಹೇಳಲು ನಾನು ಕಲಿತ ಲೆಕ್ಕಕ್ಕೆ ಒಬ್ಬ ಮನುಷ್ಯ ಸಾಲುವುದಿಲ್ಲ. ಮಣ್ಣು ಮಾಡುವಾಗ ನರ್ಸ್ ಗೆಳತಿಯೂ ಬಂದಿದ್ದಳು. ನಾವು ಬೇರೆ ಬೇರೆ ಕಡೆ ನಿಂತಿದ್ದೆವು. ಹೊರಡುವಾಗ ನನ್ನ ಬಳಿ ಬಂದು, ಊಟ ಆಯಿತೇ ಎಂದು ಕೇಳಿದಳು. ಇಲ್ಲ ಎಂದೆ. ಇಬ್ಬರೂ ಸ್ಟೇಷನ್ನಿನವರೆಗೆ ನಡೆದೆವು.

ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಾನು ಪಾಸಾದೆ. ವಿಭಾಗದ ಸಮೀಕ್ಷೆಗಳಲ್ಲಿ ಈಗ ಯುಗಾದಿ ಊಟದ ಪ್ರಶ್ನೆ ಇದೆ. ವ್ಯಾನು ಬಂಗಾರಪೇಟೆ ಕಡೆಯ ಹಳ್ಳಿಗಳಿಗೇ ಹೋಗುತ್ತಿದೆ.

2024ರ ಜುಲೈ ಎರಡನೇ ವಾರ ನಾದಿನಿ ಫೋನ್ ಮಾಡಿದರು. ಗಾಳಿ ಶುರುವಾದ ಮೇಲೆ ಅತ್ತಿಗೆಗೂ ಕೆಮ್ಮು ಹತ್ತಿಕೊಂಡು, ಮಗ ಆಕೆಯನ್ನು ರೈಲಿನಲ್ಲಿ ಕರೆತಂದು ತಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದಾನೆ ಎಂದರು. ಶುಕ್ರವಾರ ಊರಿಗೆ ಬಂದ ವ್ಯಾನಿಗೆ ಕರೆದುಕೊಂಡು ಹೋಗಿ ತೋರಿಸಿದ್ದಾರೆ. ಔಷಧ ಕೊಟ್ಟಿದ್ದಾರೆ. ಹೆಸರು ಬರೆದುಕೊಳ್ಳುವಾಗ ವಿಳಾಸ ಕೇಳಿದರಂತೆ. ನಾದಿನಿ ಊರಿಗಾಂನದರ ಬದಲು ತಮ್ಮ ಮನೆಯ ವಿಳಾಸ ಬರೆಸಿದ್ದಾರೆ.